ಮುಂದಿನ ಬಿಲ್ಲೆ

ಆ ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ, ಹೋದವರು ಅಲ್ಲಿನ ಕಟ್ಟೆಯ ಮೇಲೆ ಒಂದು ಗಳಿಗೆ ಕೂತು ದಣಿವಾರಿಸಿಕೊಳ್ಳುತ್ತೀರಿ, ಕೂತವರು ಮತ್ತೆ ಏಳುವುದಿಲ್ಲ. ನನಗೆ ಯಾಕೆ ಬೇಕು ಆ ಪಾಪ? ಒಂದು ದೊಡ್ಡ ಕೆರೆ, ಕೆರೆಯ ಮೇಲೆ ಯಾವಾಗಲೂ ಮೊಣಕಾಲೆತ್ತರದ ಮಂಜು, ಮಂಜಿನ ಈಚೆ ದಂಡೆಯಲ್ಲಿ ಆ ಊರು. ಇಷ್ಟು ತಿಳಿದಿದ್ದರೆ ಸಾಕು.

ಆ ಊರಿನಲ್ಲಿ ಮನೆಗೊಂದು ಪೆಟ್ಟಿಗೆ ಇತ್ತು. ಬಟ್ಟೆಬರೆ ಇಡುವ ಪೆಟ್ಟಿಗೆಯಲ್ಲ. ನಾವು ನೀವು ಕಂಪ್ಯೂಟರ್ ಎನ್ನುತ್ತೇವಲ್ಲ, ಅದರ ದೊಡ್ಡಪ್ಪನ ಮಗ ಅಂದುಕೊಳ್ಳಿ. ಮುಂದೊಂದು ಗಾಜು, ಬೆನ್ನಿಗೊಂದು ಬೀಸಣಿಗೆ, ಎದೆಯ ಗೂಡಿನಲ್ಲಿ ಹೆಬ್ಬೆರಳ ಉಗುರಿನಷ್ಟು ಒಂದು ಬಿಲ್ಲೆ. ಹೇಳಿದ್ದನ್ನು ಬಿಲ್ಲೆ ಯೋಚಿಸುತ್ತಿತ್ತು. ಯೋಚಿಸಿದ್ದನ್ನು ಗಾಜು ತೋರಿಸುತ್ತಿತ್ತು. ಯೋಚಿಸಿ ಯೋಚಿಸಿ ಕಾದದ್ದನ್ನು ಬೀಸಣಿಗೆ ತಣಿಸುತ್ತಿತ್ತು.

ಊರಿಗೆ ಇದ್ದದ್ದು ಒಂದೇ ನಿಯಮ. ಒಂದು ಪೆಟ್ಟಿಗೆಯ ಬಿಲ್ಲೆ ಬದಲಾಯಿಸುವುದು ಒಂದೇ ಸಲ. ಹಳೆಯದನ್ನು ಎತ್ತಿ ಹೊಸದನ್ನು ಗೂಡಿಗೆ ಕೂರಿಸಿದಿರೋ, ಅದರ ಸಾವಿರ ಕೂದಲೆಳೆ ಕಾಲುಗಳು ಅಲ್ಲೇ ಬೇರು ಬಿಟ್ಟುಬಿಡುತ್ತಿದ್ದವು. ಆಮೇಲೆ ಬ್ರಹ್ಮನೇ ಬಂದು ಎಳೆದರೂ ಬರುತ್ತಿರಲಿಲ್ಲ. ನೀವು ಬದುಕಿರುವ ತನಕ ಅದೇ ಬಿಲ್ಲೆ.

ಒಂದೇ ಸಲ ಎಂದಮೇಲೆ ಯಾವಾಗ ಎನ್ನುವ ಪ್ರಶ್ನೆಯೊಂದೇ ಉಳಿಯಿತು ನೋಡಿ. ಆ ಊರಿನ ಜನ ಅದನ್ನೇ ಉಂಡರು, ಅದನ್ನೇ ಹೊದ್ದು ಮಲಗಿದರು.

ವರ್ಷಕ್ಕೊಮ್ಮೆ, ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಎಳೆಯದಾಗಿರುವ ಹೊತ್ತಿನಲ್ಲಿ, ಮುಚ್ಚಳದ ದಿನ ಬರುತ್ತಿತ್ತು. ಅವತ್ತು ಎಲ್ಲರೂ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಕೆರೆಯ ಪಕ್ಕದ ಕಲ್ಲುಕಟ್ಟೆಗೆ ಬರುತ್ತಿದ್ದರು. ಸಾಲಾಗಿ ಕೂರುತ್ತಿದ್ದರು. ನಾಲ್ಕು ತಿರುಪು ಬಿಚ್ಚಿ ಮುಚ್ಚಳ ತೆಗೆಯುತ್ತಿದ್ದರು. ಬಾತುಕೋಳಿಯ ಗರಿಯಿಂದ ಧೂಳು ಝಾಡಿಸಿ, ಬಿಲ್ಲೆಯ ನೆತ್ತಿಯ ಮೇಲೆ ಒಣಗಿದ ಲೇಪವನ್ನು ಒರೆಸಿ, ಬಿಸಿ ಹೀರುವ, ಸುಣ್ಣದಂತೆ ಬೆಳ್ಳಗಿನ ಹೊಸ ಲೇಪ ಇಡುತ್ತಿದ್ದರು. ಕಡಲೆಕಾಳಿನಷ್ಟೇ ಇಡಬೇಕು. ಜಾಸ್ತಿಯಾದರೆ ಉಕ್ಕುತ್ತೆ, ಕಮ್ಮಿಯಾದರೆ ಬಿಲ್ಲೆ ಬೇಯುತ್ತೆ ಎಂದು ಹಿರಿಯರು ಪ್ರತಿ ವರ್ಷ ಹೇಳುತ್ತಿದ್ದರು, ಕಿರಿಯರು ಪ್ರತಿ ವರ್ಷ ತಲೆಯಾಡಿಸುತ್ತಿದ್ದರು.

ಅಷ್ಟರಲ್ಲಿ ಮಂಜಿನೊಳಗಿಂದ ಹರಿಗೋಲಿಗೆ ಹುಟ್ಟು ಹಾಕುತ್ತಾ ಬಿಲ್ಲೆಗಾರ ಬರುತ್ತಿದ್ದ. ಆಚೆ ದಂಡೆಯಲ್ಲಿ ಬಿಲ್ಲೆ ಬೆಳೆಯುತ್ತಾರೋ ಎರಕ ಹೊಯ್ಯುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಅವನು ಕಟ್ಟೆ ಹತ್ತಿ ಅಂಗೈ ಬಿಚ್ಚುತ್ತಿದ್ದ. ಅಂಗೈಯಲ್ಲಿ ಆ ವರ್ಷದ ಬಿಲ್ಲೆ ಥಳಥಳ ಹೊಳೆಯುತ್ತಿತ್ತು.

"ಆಹಾ!" ಎನ್ನುತ್ತಿತ್ತು ಊರು.

ಆಮೇಲೆ ಕಟ್ಟೆಯ ಯಜಮಾನ ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಕೇಳುತ್ತಿದ್ದ: "ಮುಂದಿನದು?"

"ಮುಂದಿನದು ಇದರ ಎರಡರಷ್ಟು," ಎನ್ನುತ್ತಿದ್ದ ಬಿಲ್ಲೆಗಾರ.

ಊರಿಗೆ ಊರೇ ಹೊಟ್ಟೆ ತುಂಬಿದವರಂತೆ ಉಸಿರು ಬಿಡುತ್ತಿತ್ತು. ಮುಚ್ಚಳಗಳು ಟಪಟಪನೆ ಮುಚ್ಚಿಕೊಳ್ಳುತ್ತಿದ್ದವು. ನಾಲ್ಕು ತಿರುಪು ಬಿಗಿದುಕೊಳ್ಳುತ್ತಿದ್ದವು. ಪೆಟ್ಟಿಗೆಗಳು ಮತ್ತೆ ತಲೆ ಏರಿ ಮನೆಗೆ ಹೊರಡುತ್ತಿದ್ದವು.

ಯಾರೂ ತೆಗೆದುಕೊಳ್ಳುತ್ತಲೇ ಇರಲಿಲ್ಲವೇ ಅಂತೀರಾ? ತೆಗೆದುಕೊಂಡವರಿದ್ದರು. ಕೆಳಗಿನ ಬೀದಿಯ ಏಳು ಮನೆಯವರು. ಅವರಿಗೆ ಊರು ಆತುರದವರು ಎಂದು ಹೆಸರಿಟ್ಟಿತ್ತು. ಬಿಲ್ಲೆಗಾರ ದುಡ್ಡು ಮುಟ್ಟುವವನಲ್ಲ. ಬಿಲ್ಲೆ ಬೇಕಾದವರು ತಮ್ಮ ಪಾಲಿನ 'ಮುಂದಿನದು' ಅವನಿಗೆ ಕೊಟ್ಟುಬಿಡಬೇಕಿತ್ತು. ಕೊಟ್ಟಮೇಲೆ ಆ ಪ್ರಶ್ನೆ ಕೇಳುವಂತಿಲ್ಲ, ಆ ಉತ್ತರ ಕಿವಿಗೆ ಹಾಕಿಕೊಳ್ಳುವಂತಿಲ್ಲ. ಯಜಮಾನ ಗಂಟಲು ಸರಿಮಾಡಿಕೊಳ್ಳುವ ಮೊದಲೇ ಕಟ್ಟೆ ಇಳಿದು ಹೋಗಬೇಕು, ಮತ್ತೆ ಎಂದೂ ಹತ್ತಬಾರದು. ಹಾಗೆ ಹೋದವರ ಬೆನ್ನ ಹಿಂದೆ ಜನ "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಹಲ್ಲು ಕಿರಿಯುತ್ತಿದ್ದರು. ಆ ಏಳು ಮನೆಯವರು ಮಾತ್ರ ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡು ತಣ್ಣಗಿದ್ದರು. ಅದೂ ಊರಿಗೆ ಹೊಟ್ಟೆಯುರಿಯೇ.

ಮೇಲಿನ ಬೀದಿಯ ಕೊನೆಯಲ್ಲಿ ಅಕ್ಕ ತಂಗಿ ಇಬ್ಬರೇ ಇದ್ದರು. ಕತ್ತಾಳೆ ನಾರು ಕೆರೆಯಲ್ಲಿ ನೆನೆಹಾಕಿ, ಬಡಿದು, ಹಗ್ಗ ಹೊಸೆಯುವುದು ಅವರ ಕಸುಬು. ಅಕ್ಕ ಒಂದು ತುದಿ ಹಿಡಿದು ಕೂರುತ್ತಿದ್ದಳು, ತಂಗಿ ಹೊಸೆಯುತ್ತಾ ಹೊಸೆಯುತ್ತಾ ಹಿಂದಕ್ಕೆ ನಡೆಯುತ್ತಿದ್ದಳು. ನಮ್ಮ ಕಥೆ ಈ ತಂಗಿಯದು.

ತಂಗಿಗೆ ಅವ್ವನ ಮುಖ ಗೊತ್ತಿರಲಿಲ್ಲ. ಅವ್ವ ಸತ್ತಾಗ ಅವಳಿಗೆ ಹತ್ತು ತಿಂಗಳು, ಅಕ್ಕನಿಗೆ ಆರು ವರ್ಷ. ಮನೆಯಲ್ಲಿ ಚಿತ್ರವಿಲ್ಲ, ಪಟವಿಲ್ಲ. ಕನಸಿನಲ್ಲಿ ಅವ್ವ ಬರುತ್ತಿದ್ದಳು, ಬಂದು ಹತ್ತಿರ ಕೂರುತ್ತಿದ್ದಳು, ಆದರೆ ಮುಖ ಇರಬೇಕಾದ ಜಾಗದಲ್ಲಿ ಕೆರೆಯ ಮಂಜು ಇರುತ್ತಿತ್ತು. ಊರ ಹೆಂಗಸರು "ನಮ್ಮವ್ವನ ಮೂಗೇ ನನಗೆ ಬಂದಿರೋದು" ಎಂದು ಸಲೀಸಾಗಿ ಹೇಳುವುದು ಕೇಳಿದಾಗ ತಂಗಿ ತನ್ನ ಮೂಗನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಯಾರದೋ ಏನೋ. ಕೇಳೋಣವೆಂದರೆ ಅಪ್ಪ ಎಂದೋ ತೀರಿಹೋಗಿದ್ದ, ಊರ ಹಿರಿಯರಿಗೆ ಬಿಲ್ಲೆಗಳ ಹೊರತು ಬೇರೇನೂ ನೆನಪಿರುತ್ತಿರಲಿಲ್ಲ; ಆ ಮುಖ ನೆನಪಿಟ್ಟಿರಬಹುದಾದ ಜೀವ ಉಳಿದಿದ್ದದ್ದು ಒಂದೇ, ಅಕ್ಕ.

ಹನ್ನೆರಡು ವರ್ಷದ ಹಿಂದೆ ತಂಗಿ ಪೆಟ್ಟಿಗೆಯ ಮುಂದೆ ಅಕ್ಕನನ್ನು ಕೂರಿಸಿದಳು.

"ನೀನು ಹೇಳಕ್ಕ, ಇದು ಬರೆಯಲಿ. ನೀನು ನೋಡಿ ಹೌದು ಅನ್ನು. ನೀನು ಹೌದು ಅಂದದ್ದೇ ನನಗೆ ಅವ್ವ."

ಅಕ್ಕ ಒಂದು ಹುಬ್ಬು ಹೇಳಿದಳು. ನಡುವೆ ದಟ್ಟ, ತುದಿಗೆ ಹೋಗುತ್ತಾ ಸಣ್ಣ, ಕೊನೆಯಲ್ಲಿ ಸ್ವಲ್ಪ ಕೆಳಕ್ಕೆ. ಹೇಳಿ ಮುಗಿಸಿ, "ಇದು ಇಷ್ಟು ನಿಧಾನಕ್ಕೆ ಬರೆದರೆ ನಾನು ಹೇಳಿದ್ದು ನನಗೇ ಮರೆತುಹೋಗುತ್ತೆ ಕಣೇ. ಒಳ್ಳೆ ಬಿಲ್ಲೆ ಬರಲಿ, ಆಗ ಮಿಕ್ಕಿದ್ದು ಹೇಳ್ತೀನಿ," ಎಂದು ಎದ್ದುಹೋದಳು.

ಸರಿ. ಒಳ್ಳೆ ಬಿಲ್ಲೆ ಯಾವಾಗ ತರುವುದು? ಊರಿನವರೆಲ್ಲ ಮಾಡಿದ್ದನ್ನೇ ತಂಗಿಯೂ ಮಾಡಿದಳು. ವರ್ಷ ವರ್ಷವೂ ಪೆಟ್ಟಿಗೆಯನ್ನೇ ಕೇಳಿದಳು: "ಈಗಲೋ, ಆಮೇಲೋ?"

ಅದೇನು ಸಾಮಾನ್ಯ ಲೆಕ್ಕವೇ? ಬದಲಾವಣೆ ಒಂದೇ ಸಲವಾದ್ದರಿಂದ ಅವ್ವನ ಮುಖವೊಂದನ್ನೇ ತೂಗಿದರೆ ಸಾಲದು. ಮುಂದಿನ ಜೀವಮಾನದಲ್ಲಿ ಪೆಟ್ಟಿಗೆಗೆ ಹೇಳಬಹುದಾದ ಎಲ್ಲ ಕೆಲಸ, ಬರಬಹುದಾದ ಎಲ್ಲ ಬಿಲ್ಲೆ, ಉಳಿದಿರಬಹುದಾದ ಎಲ್ಲ ದಿನ, ಎಲ್ಲವನ್ನೂ ತೂಗಬೇಕು. ಬಿಲ್ಲೆ ಕೆಂಪಗೆ ಕಾಯುತ್ತಿತ್ತು. ಬೀಸಣಿಗೆ ಗುಂಯ್ ಎನ್ನುತ್ತಿತ್ತು. ಮುಂಗಾರು ಹೋಗಿ ಹಿಂಗಾರು ಬಂದರೂ ಲೆಕ್ಕ ನಡೆದೇ ಇರುತ್ತಿತ್ತು. ಹನ್ನೊಂದು ತಿಂಗಳಾದ ಮೇಲೆ ಗಾಜಿನ ಮೇಲೆ ಒಂದು ಮಾತು ಮೂಡುತ್ತಿತ್ತು: ಆಮೇಲೆ. ಕಾಯುತ್ತಿದ್ದ ಎಲ್ಲ ಮನೆಯ ಗಾಜಿನ ಮೇಲೂ ಅದೇ ಮಾತು. ಜನ ಅದನ್ನು ಚೀಟಿಯಲ್ಲಿ ಬರೆದು ಬಾಗಿಲಿಗೆ ಕಟ್ಟುತ್ತಿದ್ದರು, ಪಕ್ಕದ ಮನೆಯ ಚೀಟಿ ನೋಡಿ ನೆಮ್ಮದಿಪಡುತ್ತಿದ್ದರು.

ಉಳಿದ ಒಂದು ತಿಂಗಳಲ್ಲಿ ಪೆಟ್ಟಿಗೆ ಹುಬ್ಬಿಗೆ ನಾಲ್ಕು ಕೂದಲು ಸೇರಿಸುತ್ತಿತ್ತು. ಅಷ್ಟೇ.

"ಈ ಸಲ ತಗೊಂಡೇಬಿಡೋಣವೇನಕ್ಕ?" ಎಂದು ತಂಗಿ ಪ್ರತಿ ಮುಚ್ಚಳದ ದಿನವೂ ಕೇಳುತ್ತಿದ್ದಳು.

"ಇಷ್ಟು ಕಾದಿದ್ದೀವಿ, ಇನ್ನೊಂದು ವರ್ಷಕ್ಕೆ ಏನು ಮಹಾ?" ಎನ್ನುತ್ತಿದ್ದಳು ಅಕ್ಕ. "ಮುಂದಿನದು ಇದರ ಎರಡರಷ್ಟಂತೆ."

ಹೀಗೆ ಹನ್ನೆರಡು ವರ್ಷ.

ಹನ್ನೆರಡನೆಯ ವರ್ಷ ಅಕ್ಕನ ಕಣ್ಣಿಗೆ ಏನೋ ಆಯಿತು. ನೋವಿಲ್ಲ, ನೀರಿಲ್ಲ, ಸುತ್ತಲಿಂದ ಮುಚ್ಚಿಕೊಂಡು ಬರತೊಡಗಿತು. ಮೊದಲು ಪಕ್ಕದ ಗೋಡೆ ಹೋಯಿತು, ಆಮೇಲೆ ಬಾಗಿಲು, ಆಮೇಲೆ ಹಗ್ಗದ ಆ ತುದಿಯಲ್ಲಿ ನಿಂತ ತಂಗಿಯ ಕೈಕಾಲು. ಕೊನೆಗೆ ನಡುವೆ ಒಂದು ಬಳೆಯಷ್ಟಗಲ ಬೆಳಕು ಉಳಿಯಿತು. ವೈದ್ಯ ಬಂದು ರೆಪ್ಪೆ ಎತ್ತಿ ನೋಡಿ, ತಂಗಿಯನ್ನು ಹೊರಗೆ ಕರೆದ.

"ಬರುವ ಮುಚ್ಚಳದ ದಿನ ಕಾಣುತ್ತೆ," ಎಂದ. "ಅದರ ಮುಂದಿನದಕ್ಕೆ ಕಾಣೋದಿಲ್ಲ."

ತಂಗಿಗೆ ಅಕ್ಕನ ಕಣ್ಣು ಹೋಗುತ್ತದಲ್ಲಾ ಎನ್ನುವ ಸಂಕಟ ಒಂದು ಕಡೆ. ಅದರ ಬೆನ್ನಿಗೇ ಇನ್ನೊಂದು ಸಂಕಟ ಎದ್ದು ನಿಂತಿತು, ಅದಕ್ಕೆ ಅವಳಿಗೆ ನಾಚಿಕೆಯೂ ಆಯಿತು: ಅಕ್ಕನ ಕಣ್ಣು ಹೋದಮೇಲೆ ಎಂಥ ಬಿಲ್ಲೆ ಬಂದು ಎಂಥ ಮುಖ ಬರೆದರೇನು, ಹೌದು ಎನ್ನುವವರು ಯಾರು? ಯಾವಳದೋ ಮುಖವನ್ನು ಅವ್ವ ಎಂದುಕೊಂಡು ಸಾಯುವವರೆಗೆ ನೋಡುತ್ತಾ ಕೂರಬೇಕು.

ಮುಚ್ಚಳದ ದಿನ ಬಂತು. ತಂಗಿ ಪೆಟ್ಟಿಗೆ ಹೊತ್ತು ಮುಂದೆ ನಡೆದಳು. ಅವಳ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದು ಅಕ್ಕ ಹಿಂದೆ ನಡೆದಳು. ಕಟ್ಟೆಯ ಮೇಲೆ ಜನ ಆಗಲೇ ಸಾಲಾಗಿ ಕೂತಿದ್ದರು. ಗರಿ ಆಡುತ್ತಿತ್ತು, ಲೇಪದ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿತ್ತು. ಎಲ್ಲರಿಗಿಂತ ಮೇಲಿನ ಕಲ್ಲಿನ ಮೇಲೆ ಕಟ್ಟೆಯ ಯಜಮಾನ ಕೂತಿದ್ದ. ನಲವತ್ತೊಂದು ವರ್ಷ ಕಾದವನು ಅವನು. ಆ ಲೆಕ್ಕ ಬಿಟ್ಟರೆ ಅವನ ಪೆಟ್ಟಿಗೆ ಇವತ್ತಿನವರೆಗೆ ಒಂದು ಕೆಲಸ ಮಾಡಿದ್ದಿಲ್ಲ. ಗಾಜಿಗೆ ಅಂಟಿಸಿ ಬಂದಿದ್ದ ತೆಳು ಹೊದಿಕೆಯನ್ನು ಕೂಡ ಅವನು ತೆಗೆದಿರಲಿಲ್ಲ, ಒಳ್ಳೆ ಬಿಲ್ಲೆ ಬಂದಮೇಲೆ ತೆಗೆಯೋಣವೆಂದು.

ತಂಗಿ ತಿರುಪು ಬಿಚ್ಚಿದಳು. ಮುಚ್ಚಳ ತೆಗೆದಳು. ಹಳೆಯ ಲೇಪ ಒರೆಸಿದಳು. ಅಷ್ಟರಲ್ಲಿ ಮಂಜು ಎರಡಾಗಿ ಹರಿಗೋಲು ದಂಡೆಗೆ ತಾಗಿತು. ಬಿಲ್ಲೆಗಾರ ಸಾಲಿನುದ್ದಕ್ಕೂ ಅಂಗೈ ತೋರಿಸುತ್ತಾ ಬಂದ. ತಂಗಿಯ ಮುಂದೆ ಬಂದವನು ಅವಳ ಪೆಟ್ಟಿಗೆಯೊಳಗೆ ಬೆರಳು ತಾಗಿಸಿ ಚಟ್ಟನೆ ಹಿಂದೆಗೆದ.

"ಅಬ್ಬಬ್ಬಾ, ಕೆಂಡ! ಇದಕ್ಕೆ ಏನು ಕೆಲಸ ಕೊಟ್ಟಿದ್ದೀಯಮ್ಮ?"

"ನಮ್ಮವ್ವನ ಮುಖ ಬರೆಯೋಕೆ."

"ಎಷ್ಟಾಗಿದೆ?"

"ಒಂದು ಹುಬ್ಬು."

"ಎಷ್ಟು ದಿನಕ್ಕೆ?"

"ಹನ್ನೆರಡು ವರ್ಷಕ್ಕೆ," ಎಂದಳು ತಂಗಿ. ಹೇಳುವಾಗ ಅವಳಿಗೇ ಹೇಗೋ ಆಯಿತು.

ಬಿಲ್ಲೆಗಾರ ತಲೆ ಕೆರೆದುಕೊಂಡ. "ಹಳೆ ಬಿಲ್ಲೆ ನಿಧಾನ, ಒಪ್ಪಿದೆ. ಆದರೆ ಇಷ್ಟು ನಿಧಾನವಲ್ಲ ತಾಯಿ. ಒಂದು ಮುಖ ಇದಕ್ಕೆ ಏಳು ವರ್ಷದ ಕೆಲಸ. ಮಿಕ್ಕ ಹೊತ್ತೆಲ್ಲ ಏನು ಮಾಡುತ್ತೆ?"

"ಲೆಕ್ಕ ಹಾಕುತ್ತೆ. ಈಗಲೋ ಆಮೇಲೋ ಅಂತ."

ಬಿಲ್ಲೆಗಾರ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ತಂಗಿ ತೆರೆದ ಪೆಟ್ಟಿಗೆಯನ್ನು ನೋಡಿದಳು, ಸಾಲಾಗಿ ತೆರೆದುಕೊಂಡಿದ್ದ ನೂರಾರು ಪೆಟ್ಟಿಗೆಗಳನ್ನು ನೋಡಿದಳು. ಎಲ್ಲವೂ ಬೇಯುತ್ತಿದ್ದವು. ಏಳು ವರ್ಷ ಸುಮ್ಮನೆ ಬರೆಯಲು ಬಿಟ್ಟಿದ್ದರೆ ಐದು ವರ್ಷದ ಹಿಂದೆಯೇ ಅವ್ವ ಮನೆಗೆ ಬಂದಿರುತ್ತಿದ್ದಳು. ಹೊಸ ಬಿಲ್ಲೆಯೇ ಬೇಕಿರಲಿಲ್ಲ. ಅವಳಿಗೆ ಕೂಗಬೇಕೆನಿಸಿತು, ಎದೆ ಎದೆ ಬಡಿದುಕೊಳ್ಳಬೇಕೆನಿಸಿತು.

"ಇಷ್ಟು ವರ್ಷ ಬಂದು ಹೋದೆಯಲ್ಲಣ್ಣ, ಒಂದು ಮಾತು ಹೇಳಬಾರದಿತ್ತಾ?"

"ಯಾರೂ ಕೇಳಲಿಲ್ಲ ತಾಯಿ. ಈ ಊರಿನವರು ನನ್ನನ್ನು ಕೇಳೋದು ಒಂದೇ ಪ್ರಶ್ನೆ."

ತಂಗಿ ಅವನ ಅಂಗೈ ನೋಡಿದಳು. "ಇದು ಒಂದು ಮುಖ ಬರೆಯೋಕೆ ಎಷ್ಟು ಹೊತ್ತು ತಗೊಳ್ಳುತ್ತೆ?"

"ಹೇಳುವವರ ಬಾಯಿ ಎಷ್ಟು ಹೊತ್ತು ತಗೊಳ್ಳುತ್ತೋ ಅಷ್ಟು."

"ಕೊಡು," ಎಂದಳು ತಂಗಿ.

ಕಟ್ಟೆಯ ಮೇಲೆ ಗರಿಗಳು ನಿಂತವು. ಅಕ್ಕ ಹಗ್ಗ ಜಗ್ಗಿದಳು. "ಏ, ಏನು ಮಾಡ್ತಿದ್ದೀಯೇ? ನಿಧಾನ ಮಾಡು. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ನೀನು ನೋಡಲ್ಲಕ್ಕ," ಎಂದುಬಿಟ್ಟಳು ತಂಗಿ. ಅದುವರೆಗೆ ವೈದ್ಯನ ಮಾತನ್ನು ಅಕ್ಕನಿಗೆ ಹೇಳಿರಲಿಲ್ಲ. ಆಡಿದ ಮಾತು ಆಡಿಹೋಗಿತ್ತು. ಅಕ್ಕನ ಕೈಯಲ್ಲಿ ಹಗ್ಗ ಸಡಿಲವಾಯಿತು.

ಕಟ್ಟೆಯ ಯಜಮಾನ ಕೋಲೂರಿ ಇಳಿದು ಬಂದ. ಕೆಟ್ಟವನೇನಲ್ಲ ಅವನು, ಕಾಯುವುದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ, ಅಷ್ಟೇ. "ತಾಳಿದವನು ಬಾಳಿಯಾನು ಮಗಳೇ. ಒಂದೇ ಸಲ ಸಿಗೋ ಬದಲಾವಣೆ ಇದು. ಮುಂದಿನ ವರ್ಷ ಇದರ ಎರಡರಷ್ಟು ಬಂದಾಗ ಇದನ್ನು ನೋಡಿ ಅಳ್ತೀಯ."

"ಮುಂದಿನ ವರ್ಷ ನಮ್ಮಕ್ಕನ ಕಣ್ಣು ಎಷ್ಟಿರುತ್ತೆ ಯಜಮಾನರೇ? ಅದೂ ಎರಡರಷ್ಟು ಆಗುತ್ತಾ?"

ಯಜಮಾನ ತನ್ನ ಪೆಟ್ಟಿಗೆಯ ಕಡೆ ತಿರುಗಿ ನೋಡಿದ. ಆ ಲೆಕ್ಕ ಯಾರ ಪೆಟ್ಟಿಗೆಯೂ ಹಾಕಿರಲಿಲ್ಲ.

ತಂಗಿ ಹಳೆಯ ಬಿಲ್ಲೆಯನ್ನು ಗೂಡಿನಿಂದ ಎತ್ತಿದಳು. ಹೊಸದನ್ನು ಕೂರಿಸಿದಳು. ಸಾವಿರ ಕಾಲುಗಳು ಇರುವೆ ಗೂಡು ಸೇರುವ ಹಾಗೆ ಸರಸರನೆ ಒಳಗಿಳಿದದ್ದು ಅವಳ ಬೆರಳಿಗೆ ಗೊತ್ತಾಯಿತು. ಅದರ ನೆತ್ತಿಗೆ ಕಡಲೆಕಾಳಿನಷ್ಟು ಲೇಪ ಇಟ್ಟು ಮುಚ್ಚಳ ಹಾಕಿದಳು. ಬಿಲ್ಲೆಗಾರ ಬಗ್ಗಿ ಅವಳ ಕಿವಿಯ ಹತ್ತಿರ ಬಟ್ಟಲಂತೆ ಅಂಗೈ ಒಡ್ಡಿ, ಅವಳ ಪಾಲಿನ 'ಮುಂದಿನದು' ತೆಗೆದುಕೊಂಡ. ಏನೂ ನೋವಾಗಲಿಲ್ಲ. ಬಹಳ ದಿನದಿಂದ ಕಿವಿಯೊಳಗೆ ಗುಂಯ್ ಎನ್ನುತ್ತಿದ್ದ ಸದ್ದೊಂದು ನಿಂತಂತಾಯಿತು, ಅಷ್ಟೇ.

ಅಕ್ಕ ತಂಗಿ ಕಟ್ಟೆ ಇಳಿದರು. ಹಿಂದೆ ಯಾರೋ ಆತುರದ ಗಾದೆ ಶುರುಮಾಡಿದರು, ಯಾಕೋ ಪೂರ್ತಿ ಮಾಡಲಿಲ್ಲ. ಅವರು ಬೀದಿ ತಿರುಗುವಾಗ ಯಜಮಾನ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. ಆಮೇಲೆ ತಂಗಿಗೆ ಏನೂ ಕೇಳಿಸಲಿಲ್ಲ.

ದಾರಿಯುದ್ದಕ್ಕೂ ಅಕ್ಕ ಹಗ್ಗವನ್ನು ಹಿಂದಕ್ಕೆ ಜಗ್ಗುತ್ತಲೇ ನಡೆದಳು. ಕಣ್ಣಿನ ವಿಷಯ ಹಾಗೆ ಹೇಳಿದ್ದಕ್ಕೆ ಕೋಪವಿರಬೇಕು ಎಂದುಕೊಂಡಳು ತಂಗಿ. ಆದರೂ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಲವತ್ತಾರು ವರ್ಷಕ್ಕೆ ಅವ್ವನ ಮುಖ ನೋಡುತ್ತೇನೆ, ಸಂಜೆಯೊಳಗೆ ನೋಡುತ್ತೇನೆ ಎಂದು ಎದೆ ಕುಣಿಯುತ್ತಿತ್ತು.

ಮನೆಗೆ ಬಂದು ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗೆ ಇಟ್ಟಳು. ಗಾಜು ಬೆಳಗಿತು. ಹನ್ನೆರಡು ವರ್ಷದ ಹುಬ್ಬು ನಡುವೆ ಒಂಟಿಯಾಗಿ ಕಾಣಿಸಿತು. ಬೀಸಣಿಗೆ ತಿರುಗಲೇ ಇಲ್ಲ, ತಿರುಗುವಷ್ಟು ಕೆಲಸವೇ ಇರಲಿಲ್ಲ ಅದಕ್ಕೆ. ಇಷ್ಟು ವರ್ಷ ಅವರು ಪೆಟ್ಟಿಗೆಗಾಗಿ ಕಾದಿದ್ದರು. ಈಗ ಪೆಟ್ಟಿಗೆ ಅವರಿಗಾಗಿ ಕಾಯುತ್ತಿತ್ತು.

"ಹೇಳಕ್ಕ. ಇನ್ನೊಂದು ಹುಬ್ಬು ಇದೇ ಥರಾನಾ?"

"ಹೂಂ."

ಹೂಂ ಎನ್ನುವುದರೊಳಗೆ ಇನ್ನೊಂದು ಹುಬ್ಬು ಬಂದು ಕೂತಿತ್ತು. ತಂಗಿ ಚಪ್ಪಾಳೆ ತಟ್ಟಿದಳು. "ಅಯ್ಯೋ ನೋಡೇ ಅಕ್ಕ! ಮೂಗು ಹೇಳು, ಮೂಗು."

"ಮೂಗು..." ಎಂದಳು ಅಕ್ಕ. "ಸ್ವಲ್ಪ ನೀರು ಕೊಡೇ."

ತಂಗಿ ನೀರು ಕೊಟ್ಟಳು. ಅಕ್ಕ ಕುಡಿದಳು.

"ಉದ್ದನೆಯದಾ? ಮೊಂಡಾ? ಸರಿ ಬಿಡು, ತುಟಿ ಹೇಳು. ನಕ್ಕರೆ ಹಲ್ಲು ಕಾಣ್ತಿತ್ತಾ?"

ಅಕ್ಕ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಗಾಜು ಬೆಳಗುತ್ತಲೇ ಇತ್ತು.

"ನನಗೆ ನೆನಪಿಲ್ಲ ಕಣೇ," ಎಂದಳು.

"ನಿಧಾನಕ್ಕೆ ನೆನೆಸ್ಕೋ. ಈಗ ಏನವಸರ?"

"ನಿಧಾನಕ್ಕೂ ಇಲ್ಲ, ಬೇಗಕ್ಕೂ ಇಲ್ಲ. ಯಾವತ್ತೂ ಇರಲಿಲ್ಲ. ಅವ್ವನ ಮುಖ ನನಗೆ ನೆನಪೇ ಇಲ್ಲ."

ತಂಗಿ ಗಾಜಿನ ಕಡೆ ಬೆರಳು ತೋರಿಸಿದಳು. "ಮತ್ತೆ ಈ ಹುಬ್ಬು?"

"ನನ್ನದೇ. ಹಿಂದಿನ ದಿನ ಕನ್ನಡಿಯಲ್ಲಿ ನೋಡ್ಕೊಂಡಿದ್ದೆ, ಅದನ್ನೇ ಹೇಳಿಬಿಟ್ಟೆ."

ತಂಗಿ ಎದ್ದು ನಿಂತಳು. ಅವಳಿಗೆ ಬಂದ ಸಿಟ್ಟಿನಲ್ಲಿ ಪೆಟ್ಟಿಗೆ, ನೀರಿನ ಕೊಡ, ನಾರಿನ ಕಟ್ಟು ಎಲ್ಲವನ್ನೂ ಎತ್ತಿ ಬೀದಿಗೆ ಎಸೆಯಬೇಕೆನಿಸಿತು. "ಹನ್ನೆರಡು ವರ್ಷ ಅಕ್ಕ! ಹನ್ನೆರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆನಲ್ಲೇ ನಾನು. ಮೊದಲನೇ ದಿನವೇ ಹೇಳಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?"

"ಏನಂತ ಹೇಳಲಿ?" ಎಂದಳು ಅಕ್ಕ. "ನಿನಗೆ ಅಂತ ಅವ್ವ ಉಳಿದಿದ್ದದ್ದು ನನ್ನ ತಲೆಯೊಳಗೆ ಮಾತ್ರ. ಅಲ್ಲೂ ಇಲ್ಲ ಅಂದರೆ ಏನು ಮಾಡ್ತಿದ್ದೆ ನೀನು? ಒಳ್ಳೆ ಬಿಲ್ಲೆ ಬರಲಿ ಬರಲಿ ಅಂತಿದ್ದರೆ ನಿನಗೆ ಆಸೆಯಾದರೂ ಇರುತ್ತೆ ಅಂದುಕೊಂಡೆ. ನೀನು ಪ್ರತಿ ವರ್ಷ ಆ ಮುಚ್ಚಳ ಹಾಕಿದಾಗ ನನ್ನ ಜೀವ ತಣ್ಣಗಾಗ್ತಿತ್ತು. ಊರೆಲ್ಲ ಕಾಯೋದು ನೋಡಿ, ಇವರೆಲ್ಲ ಏನೇನು ಬಚ್ಚಿಟ್ಟುಕೊಂಡು ಕಾಯ್ತಿದ್ದಾರೋ ಅಂದುಕೊಳ್ತಿದ್ದೆ."

ಬೀದಿಯಲ್ಲಿ ಪೆಟ್ಟಿಗೆ ಹೊತ್ತ ಜನ ಮುಂದಿನ ವರ್ಷದ ಮಾತಾಡುತ್ತಾ ಹೋಗುತ್ತಿದ್ದರು. ಆ ಮಾತು ತಂಗಿಯ ಕಿವಿಗೆ ಸೊಳ್ಳೆ ಹಾಡಿದಷ್ಟೂ ಕೇಳಿಸಲಿಲ್ಲ. ಕೊಟ್ಟು ಬಂದದ್ದು ಕೊಟ್ಟಾಗಿತ್ತು. ಇದ್ದ ಒಂದು ಬದಲಾವಣೆ ಮುಗಿದಿತ್ತು. ಅವಳು ಗೋಡೆಗೆ ಒರಗಿ ಜಾರಿ ನೆಲಕ್ಕೆ ಕೂತಳು. ಅಕ್ಕನೂ ಅಳುತ್ತಿದ್ದಳು, ಇವಳೂ ಅತ್ತಳು. ಅತ್ತು ಸುಸ್ತಾದ ಮೇಲೆ ಅಕ್ಕನ ಕಡೆ ನೋಡಿದಳು. ಮುಖ ಎತ್ತಿ ಗಾಳಿಯಲ್ಲಿ ತಂಗಿಯನ್ನು ಹುಡುಕುತ್ತಿದ್ದಳು ಅಕ್ಕ, ಆ ಬಳೆಯಷ್ಟಗಲ ಬೆಳಕಿನಲ್ಲಿ.

"ಇಲ್ಲಿದ್ದೀನಿ," ಎಂದಳು ತಂಗಿ. ಹೋಗಿ ಪಕ್ಕದಲ್ಲಿ ಕೂತಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. "ಏನೂ ನೆನಪಿಲ್ವಾ? ಒಂದು ಚೂರೂ?"

ಅಕ್ಕ ಮೂಗು ಒರೆಸಿಕೊಂಡಳು. "ಬೆನ್ನು," ಎಂದಳು.

"ಏನು?"

"ಅವ್ವನ ಬೆನ್ನು ನೆನಪಿದೆ. ನಾರು ನೆನೆಹಾಕೋಕೆ ದಿನಾ ಬೆಳಿಗ್ಗೆ ಕೆರೆಗೆ ಹೋಗೋಳು. ಅವಳು ಮುಂದೆ, ನಾನು ಹಿಂದೆ. ಮುಖ ನೋಡೋಕೆ ಪುರಸೊತ್ತೇ ಇರ್ತಿರಲಿಲ್ಲ, ಬಿರಬಿರನೆ ನಡೆಯೋಳು."

ತಂಗಿ ಪೆಟ್ಟಿಗೆಯ ಗಾಜಿನ ಮೇಲಿದ್ದ ಎರಡು ಹುಬ್ಬುಗಳನ್ನೂ ಅಳಿಸಿದಳು. "ಹೇಳು," ಎಂದಳು.

"ತಲೆ ಮೇಲೆ ಕತ್ತಾಳೆ ಕಟ್ಟು. ಬಲಗೈ ಎತ್ತಿ ಹಿಡಿದಿರೋಳು. ಮೊಣಕೈ ಹತ್ತಿರ ನಾರು ಕೊಯ್ದ ಗಾಯ, ಒಣಗಿದ್ದು. ತುರುಬು ಗಟ್ಟಿಯಾಗಿ ಕಟ್ತಿರಲಿಲ್ಲ, ನಡೆದ ಹಾಗೆಲ್ಲ ಜಾರಿ ಕತ್ತಿನ ಮೇಲೆ ಬರೋದು. ರವಿಕೆಗೆ ಬೆನ್ನಲ್ಲಿ ತೇಪೆ. ತೇಪೆ ಬಣ್ಣ ಬೇರೆ, ಅದೊಂಥರಾ ನೇರಳೆ."

ಅಕ್ಕ ಹೇಳುತ್ತಾ ಹೋದಳು. ಮಾತು ಬಾಯಿಂದ ಬೀಳುವುದೇ ತಡ, ಗಾಜು ಅದನ್ನು ಹಿಡಿದುಕೊಳ್ಳುತ್ತಿತ್ತು. ಕಟ್ಟು ಬಂತು, ಎತ್ತಿದ ಕೈ ಬಂತು, ಗಾಯ ಬಂತು, ಜಾರುತ್ತಿರುವ ತುರುಬು ಬಂತು. ಅಕ್ಕ ಗಾಜಿಗೆ ಮುಖ ತಾಗಿಸಿ, ತನ್ನ ಕಿರಿದಾದ ಬೆಳಕನ್ನು ಚಿತ್ರದ ಮೇಲೆ ತಲೆಯಿಂದ ಕಾಲಿನವರೆಗೆ ಓಡಿಸಿದಳು.

"ತೇಪೆ ಇನ್ನೂ ಕೆಳಗೆ. ಹಾಂ, ಅಲ್ಲಿ. ಎಡಗಡೆ ಹೆಗಲ ಮೇಲೆ ನೀನು."

"ನಾನಾ?"

"ಇನ್ಯಾರು? ಎಡಗೈಯಲ್ಲಿ ನಿನ್ನ ಎತ್ತಿಕೊಂಡಿರೋಳು. ನೀನು ಹೆಗಲ ಮೇಲಿಂದ ಹಿಂದಕ್ಕೆ ನೋಡೋಳು, ನನ್ನ ನೋಡಿಕೊಂಡೇ ಬರೋಳು. ಎರಡು ಹಲ್ಲು. ಗಲ್ಲದ ಮೇಲೆ ಜೊಲ್ಲು. ಮುಷ್ಟಿ ತುಂಬ ಅವ್ವನ ಕೂದಲು ಹಿಡಿದಿರೋಳು, ಬಿಡಿಸಿದರೂ ಬಿಡ್ತಿರಲಿಲ್ಲ."

ಮಗುವಿನ ಮುಖ ಬಂತು, ಒಂದೂ ತಪ್ಪಿಲ್ಲದೆ, ಒಂದೇ ಸಲಕ್ಕೆ. ತಂಗಿ ಆ ಪುಟ್ಟ ಮುಷ್ಟಿಯನ್ನು ನೋಡಿದಳು. ತನ್ನ ಕೈಯಲ್ಲಿ, ತನ್ನ ಐದು ಬೆರಳುಗಳ ನಡುವೆ, ಅವ್ವನ ಕೂದಲು.

"ನಡೆಯೋಳು ಅಂದೆಯಲ್ಲ ಅಕ್ಕ. ಹೇಗೆ ನಡೆಯೋಳು?"

"ಎಡಗಾಲು ಒಂಚೂರು ಎಳೆದು. ಆದರೂ ಜೋರು."

ಗಾಜಿನೊಳಗೆ ಅವ್ವ ನಡೆಯತೊಡಗಿದಳು. ಎಡಗಾಲು ಒಂಚೂರು ಎಳೆದು, ಕಟ್ಟು ಅಲುಗದಂತೆ ಕತ್ತು ನೆಟ್ಟಗಿಟ್ಟು, ಬಿರಬಿರನೆ. ಅವಳ ಮುಂದೆ ಕೆರೆಯ ಮಂಜು.

ತಂಗಿ ಅಕ್ಕನ ಭುಜ ಹಿಡಿದು ಮೆಲ್ಲಗೆ ಕೇಳಿದಳು. "ಹೌದಾ ಅಕ್ಕ? ಇವಳೇನಾ?"

ಐವತ್ತೆರಡು ವರ್ಷದ ಅಕ್ಕ ಹಣೆಯನ್ನು ಗಾಜಿಗೆ ಒತ್ತಿ, ಎರಡೂ ಕೈ ಮುಂದೆ ಚಾಚಿ, ಆರು ವರ್ಷದವಳ ದನಿಯಲ್ಲಿ ಕೂಗಿದಳು:

"ಅವ್ವಾ, ಒಂಚೂರು ನಿಂತುಕೊಳ್ಳೇ, ನಾನೂ ಬಂದೆ!"